ದೊಡ್ಡಿಯೊಳಗಿನ ಮರ್ಯಾದೆ

೧೯೪೨, ಮೇ ೧೪

ಬಂದು ಬಿದ್ದೆವು. ಜಪಾನಿನ ಜೊತೆ ಯುದ್ಧ ಅಂತ ಕೆನಡಾ ಸರ್ಕಾರ ನಮ್ಮಂಥ ಜಪಾನಿ ಜನರನ್ನೆಲ್ಲ ಕರಾವಳಿಯಿಂದ ಎಬ್ಬಿಸಿ ಇಲ್ಲಿ ತಂದು ತುಂಬುತ್ತಿದೆ. ವ್ಯಾಂಕೂವರಿನ ವಸ್ತುಪ್ರದರ್ಶನದ ಮೈದಾನ, ಅದರಲ್ಲಿ ಪ್ರಾಣಿಗಳನ್ನು ಕಟ್ಟುವ ಉದ್ದನೆಯ ಕಟ್ಟಡ. ಕಳೆದ ವರ್ಷ ಇಲ್ಲಿ ಯಾವುದೋ ಹಂದಿ ಬಹುಮಾನ ಗೆದ್ದಿತ್ತಂತೆ, ಅದರ ಕಾಗದದ ಬಿಲ್ಲೆ ಇನ್ನೂ ಕಂಬಕ್ಕೆ ಅಂಟಿಕೊಂಡಿದೆ. ಆ ಹಂದಿ ಮಲಗಿದ್ದ ಜಾಗದಲ್ಲಿ ಈಗ ನಾನು, ನನ್ನ ಅತ್ತೆ ಒಕುಮೆ, ಏಳು ವರ್ಷದ ಮಗಳು ಚಿಜು. ನಮಗೆ ಯಾವ ಬಹುಮಾನ ಕೊಡುತ್ತಾರೋ ನೋಡಬೇಕು.

ಗೋಡೆಗೆ ಸುಣ್ಣ ಬಳಿದಿದ್ದಾರೆ. ಬಳಿದರೆ ಆಯಿತೇ? ಸಿಮೆಂಟು ನೆಲದ ಬಿರುಕುಗಳಲ್ಲಿ ಲದ್ದಿ ಹಾಗೆಯೇ ಕೂತಿದೆ. ಬಿಸಿಲು ಏರಿದ ಹಾಗೆ ನಾತ ಏಳುತ್ತದೆ, ಮೂಗಿಗಲ್ಲ, ನೇರ ಗಂಟಲಿಗೆ ಇಳಿಯುತ್ತದೆ. ನಾನು ಮೀನುಗಾರನ ಹೆಂಡತಿ. ಸ್ಟೀವ್‌ಸ್ಟನ್ನಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಮೀನಿನ ಕರುಳು ತೆಗೆದವಳು. ನನಗೇ ವಾಕರಿಕೆ ಬಂತು ಅಂದರೆ ಲೆಕ್ಕ ಹಾಕಿ.

ಅತ್ತೆ ಒಳಗೆ ಬಂದವರೇ ಚಪ್ಪಲಿ ಬಿಟ್ಟು, ಜೋಡಿಸಿ, ಹಂದಿಯ ಜಾಗಕ್ಕೆ ತಲೆಬಾಗಿ ನಮಸ್ಕಾರ ಮಾಡಿದರು. ಥೂ.

ಮೇ ೧೫

ನಿದ್ದೆ ಇಲ್ಲ. ಹುಲ್ಲು ತುಂಬಿದ ಹಾಸಿಗೆ ಚುಚ್ಚುತ್ತದೆ. ಏನೂ ಬರೆಯಲು ಮನಸ್ಸಿಲ್ಲ.

ಮೇ ೨೩

ಶೌಚದ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ, ಈ ಪುಸ್ತಕ ಓದುವವರು ಯಾರಿದ್ದಾರೆ? ದನಗಳಿಗೆ ನೀರು ಕುಡಿಸುವ ಬಾನಿಯ ಹಾಗೆ ಒಂದು ಉದ್ದನೆಯ ತಗಡಿನ ತೊಟ್ಟಿ. ಅದರ ಮೇಲೆ ಹಲಗೆ. ಬಾಗಿಲಿಲ್ಲ, ಮರೆ ಇಲ್ಲ. ಇಪ್ಪತ್ತು ಹೆಂಗಸರು ಸಾಲಾಗಿ ಕೂತು, ಒಬ್ಬರಿಗೊಬ್ಬರು "ಬೆಳಗಿನ ನಮಸ್ಕಾರ", "ಇವತ್ತು ಸ್ವಲ್ಪ ತಂಪು ಅಲ್ವಾ" ಅನ್ನುತ್ತಾರೆ! ನನಗೆ ಆ ತೊಟ್ಟಿಗಿಂತ ಆ ನಮಸ್ಕಾರವೇ ಹೇಸಿಗೆ.

ಪಕ್ಕದ ದೊಡ್ಡಿಗೆ ಹಿಸಾನೊ ಬಂದಿದ್ದಾಳೆ, ಸ್ಟೀವ್‌ಸ್ಟನ್ನಿನವಳೇ, ಇಪ್ಪತ್ತೈದು ವರ್ಷ, ಕಂಕುಳಲ್ಲಿ ಐದು ತಿಂಗಳ ಮಗು. ಅವಳ ಗಂಡ ಉನೊಸುಕೆ ನನ್ನ ಗಂಡ ಟೊಕುಮಾತ್ಸುವಿನ ದೋಣಿಯಲ್ಲೇ ಬಲೆ ಎಳೆಯುತ್ತಿದ್ದವನು. ಗಂಡಸರನ್ನು ಮಾರ್ಚಿನಲ್ಲೇ ಬೆಟ್ಟದ ಕಡೆ ರಸ್ತೆ ಕಡಿಯಲು ಒಯ್ದರು, ಇಬ್ಬರೂ ಒಂದೇ ಗುಂಪಿನಲ್ಲಿದ್ದಾರೆ. ನಮ್ಮಿಬ್ಬರ ನಡುವೆ ಈಗ ಗೋಡೆ ಅಂದರೆ ಹಗ್ಗಕ್ಕೆ ನೇತುಹಾಕಿದ ಒಂದು ಕಂಬಳಿ. ಅವಳು ಅತ್ತರೆ ನನಗೆ ಕೇಳುತ್ತದೆ, ನಾನು ಬೈದರೆ ಅವಳಿಗೆ.

ಜೂನ್ ೫

ಇವತ್ತು ಅತ್ತೆ "ಉನ್ಮೆಯ್" ಅಂದದ್ದು ಏಳು ಸಲ. ಸಾರಿನಲ್ಲಿ ನೊಣ ಬಿದ್ದರೆ ಉನ್ಮೆಯ್. ಊಟದ ಸಾಲು ಅರ್ಧ ಮೈಲಿ ಇದ್ದರೆ ಉನ್ಮೆಯ್. ಕುರಿ ಕೊಬ್ಬು ತೇಲುವ ಆ ಬೂದು ನೀರು ಕುಡಿದು ಇಡೀ ಸಾಲಿಗೆ ಭೇದಿ ಹತ್ತಿತಲ್ಲ, ಅದೂ ಉನ್ಮೆಯ್.

ಸಿಟ್ಟು ತಡೆಯಲಾರದೆ ಕೇಳಿದೆ: "ಅತ್ತೆ, ಹಣೆಬರಹ ಹಣೆಬರಹ ಅಂತ ಎಷ್ಟು ಸಲ ಹೇಳ್ತೀರಿ? ನಿಮಗೆ ಬೇಜಾರಾಗಲ್ವಾ?"

ಅವರ ಅಪ್ಪ ಜಪಾನಿನ ಮಿಯೊ ಅನ್ನುವ ಊರಿನ ಗುಡಿಯಲ್ಲಿ ಗಂಟೆ ಹೊಡೆಯುತ್ತಿದ್ದವರು. ಈ ವಿಷಯದಲ್ಲಿ ಅತ್ತೆಯೇ ಪಂಡಿತರು. "ನಿನಗೆ ಗೊತ್ತಾಗಲ್ಲಮ್ಮ. ಉನ್ಮೆಯ್ ಅಂದ್ರೆ ನಡೀತಾ ನಡೀತಾ ಹೊತ್ಕೊಂಡು ಹೋಗೋದು, ಹೊಳೆ ಥರ. ಹುಟ್ಟು ಹಾಕಿದ್ರೆ ಸ್ವಲ್ಪ ತಿರುಗುತ್ತೆ. ಶುಕುಮೆಯ್ ಅಂತ ಇನ್ನೊಂದಿದೆ. ಅದು ಹುಟ್ಟೋ ಮುಂಚೆನೇ ಒಳಗೆ ಬಂದು ಬಿಡಾರ ಹೂಡಿರುತ್ತೆ. ಅದನ್ನ ಯಾರೂ ಎಬ್ಬಿಸಕ್ಕಾಗಲ್ಲ."

"ಹಾಗಾದ್ರೆ ಈ ಹಂದಿದೊಡ್ಡಿ ಯಾವುದು? ಹೊಳೆನೋ, ಬಿಡಾರನೋ?"

"ಬಾಯಿ ಮುಚ್ಕೊಂಡು ಚಿಜು ತಲೆ ಬಾಚು," ಅಂದರು.

ಹಣೆಬರಹಕ್ಕೆ ಎರಡೆರಡು ಹೆಸರಿಟ್ಟುಕೊಂಡ ಜನ ನಾವು. ಸರ್ಕಾರದವರು ದೋಣಿ ಒಪ್ಪಿಸಿ ಅಂದಾಗ ನಮ್ಮ ಗಂಡಸರು ಅವನ್ನು ತೊಳೆದು, ಹಗ್ಗ ಸುತ್ತಿಟ್ಟು, ತಾವೇ ನಡೆಸಿಕೊಂಡು ಹೋಗಿ ಸಾಲಾಗಿ ನಿಲ್ಲಿಸಿ ಬಂದರು. ಒಬ್ಬನಾದರೂ "ಕೊಡಲ್ಲ" ಅಂದನೇ? ನನ್ನ ಗಂಡ ದೋಣಿಗೆ ಹೊಸ ಬಣ್ಣ ಬೇರೆ ಹೊಡೆದಿದ್ದ. ನೆನೆಸಿಕೊಂಡರೆ ಮೈ ಉರಿಯುತ್ತದೆ.

ಜೂನ್ ೨೧

ಹಿಸಾನೊ ಕಂಬಳಿ ಸರಿಸಿ ಉಪ್ಪಿನಲ್ಲಿ ಹಾಕಿದ ಹುಳಿ ಪ್ಲಮ್ಮಿನ ಜಾಡಿ ತಂದಳು. ಮನೆಯಿಂದ ಬಟ್ಟೆ ಬಿಟ್ಟು ಅದನ್ನು ಹೊತ್ತು ತಂದಿದ್ದಾಳೆ, ಹುಚ್ಚಿ.

"ಅಕ್ಕಾ, ನಾಲ್ಕು ತಗೊಳ್ಳಿ. ಚಿಜುಗೆ ಗಂಜಿ ಜೊತೆ ಸೇರುತ್ತೆ."

"ಬೇಡ ಬೇಡ, ನಿಮಗಿರ್ಲಿ."

"ಅಯ್ಯೋ, ತುಂಬಾ ಇದೆ. ತಗೊಳ್ಳಿ."

"ಇಲ್ಲಮ್ಮ, ನಮಗ್ಯಾಕೆ, ಬೇಡ."

"ನನಗೋಸ್ಕರ ತಗೊಳ್ಳಿ ಅಕ್ಕಾ, ಹಾಳಾಗಿ ಹೋಗುತ್ತೆ."

ಆಗ ತೆಗೆದುಕೊಂಡೆ. ಒಂದು ಸಲ ಬೇಡ, ಎರಡು ಸಲ ಬೇಡ, ಮೂರನೆಯ ಸಲಕ್ಕೆ ತಲೆಬಾಗಿ ಕೈ ಚಾಚಬೇಕು. ಮೂರನೆಯ ಸಲವೂ ಬೇಡ ಅಂದರೆ ಮಾತ್ರ ಅದು ನಿಜವಾದ ಬೇಡ. ಮೊದಲ ಮಾತಿಗೇ ಕೈ ನೀಡಿದವಳನ್ನು ನಮ್ಮೂರಲ್ಲಿ ಬೀದಿನಾಯಿ ಅನ್ನುತ್ತಾರೆ. ಎರಡು ಸಲ ಕೇಳಿ ಬಿಟ್ಟುಬಿಟ್ಟವಳನ್ನು ಅದಕ್ಕಿಂತ ಕಡೆ ಮಾಡಿ ಆಡುತ್ತಾರೆ. ಎದುರಿನ ದೊಡ್ಡಿಯಲ್ಲಿ ಮುದುಕಿಯೊಬ್ಬಳು ಬಕೆಟ್ಟಿಗೆ ವಾಂತಿ ಮಾಡುತ್ತಿದ್ದಾಳೆ, ಕಾಲ ಕೆಳಗೆ ಹುಳು ಹರಿದಾಡುತ್ತಿದೆ, ಇಲ್ಲಿ ನಾವಿಬ್ಬರೂ ನಾಲ್ಕು ಉಪ್ಪುಹಣ್ಣಿಗೆ ಸೊಂಟ ಬಗ್ಗಿಸುತ್ತಿದ್ದೇವೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಆದರೂ ಹಣ್ಣು ಚೆನ್ನಾಗಿತ್ತು. ಚಿಜು ಬೀಜವನ್ನು ಕೂಡ ಬಾಯಿಂದ ತೆಗೆಯಲಿಲ್ಲ.

ಜುಲೈ ೧೦

ಟೊಕುಮಾತ್ಸುವಿನ ಕಾಗದ. ಅರ್ಧ ಸಾಲುಗಳನ್ನು ಯಾರೋ ಕತ್ತರಿಸಿದ್ದಾರೆ. ಉಳಿದದ್ದರಲ್ಲಿ ಇಷ್ಟು ತಿಳಿಯಿತು: ರಸ್ತೆ ಕೆಲಸ ಬಿಡಿಸಿ ಇಬ್ಬರನ್ನೂ ಸ್ಲೋಕನ್ ಕಣಿವೆಗೆ ಕಳಿಸಿದ್ದಾರೆ, ಸಂಸಾರಗಳಿಗೆ ಗುಡಿಸಲು ಕಟ್ಟುವುದಕ್ಕೆ. ಒಂದು ಗುಡಿಸಲಿಗೆ ಎರಡು ಸಂಸಾರ, ನಡುವೆ ಒಂದೇ ಅಡುಗೆಮನೆ. ತಾನೂ ಉನೊಸುಕೆಯೂ ಒಂದೇ ಗುಡಿಸಲಿಗೆ ಹೆಸರು ಬರೆಸಿದ್ದಾರಂತೆ, ಚಳಿಗಾಲದ ಒಳಗೆ ಬರದಿದ್ದರೆ ಜಾಗ ಬೇರೆಯವರಿಗೆ ಹೋಗುತ್ತದೆ. ಕೊನೆಯಲ್ಲಿ ಬೆಟ್ಟದ ಮೇಲಿನ ಮಂಜಿನ ಬಗ್ಗೆ ಎರಡು ಸಾಲು ಕವಿತೆ ಬರೆದಿದ್ದಾನೆ. ಅದನ್ನು ಮಾತ್ರ ಯಾರೂ ಕತ್ತರಿಸಲಿಲ್ಲ ನೋಡಿ!

ಹಿಸಾನೊಗೂ ಕಾಗದ ಬಂದಿದೆ. ಉನೊಸುಕೆ ಮಗುವಿಗೆ ತೊಟ್ಟಿಲು ಮಾಡುತ್ತಿದ್ದಾನಂತೆ. ಕಂಬಳಿಯ ಆಚೆಯಿಂದ ಮೂರು ಸಲ ಓದಿ ಹೇಳಿದಳು.

ಜುಲೈ ೧೮

ಕಚೇರಿಯ ಹುಡುಗಿ ಐರೀನ್ ಪಟ್ಟಿ ಹಿಡಿದು ಬಂದಳು. ನಮ್ಮವಳೇ, ಇಲ್ಲೇ ಹುಟ್ಟಿದವಳು, ತುಟಿಗೆ ಬಣ್ಣ, ಜಪಾನಿ ಮಾತು ಅರ್ಧಂಬರ್ಧ. ಮನೆಯ ಹಿರಿಯರು ಅಂತ ಅತ್ತೆಯನ್ನೇ ಕೇಳಿದಳು:

"ಅಜ್ಜಿ, ಮುಂದಿನ ವಾರ ಸ್ಲೋಕನ್‌ಗೆ ರೈಲಿದೆ. ನಿಮ್ಮ ಮನೆಯವರು ಹೋಗ್ತೀರಾ?"

ನನ್ನ ಎದೆ ಡವಗುಟ್ಟಿತು. ಅತ್ತೆ ಎರಡೂ ಕೈ ನೆಲಕ್ಕೂರಿ ತಲೆಬಾಗಿ, "ನಮ್ಮಂಥವರಿಗೆ ಯಾಕಮ್ಮ ಇಷ್ಟು ಬೇಗ? ಬೇಡ ಬೇಡ. ಕೈಕೂಸು ಇರೋರು ಮೊದಲು ಹೋಗ್ಲಿ," ಅಂದರು.

ಐರೀನ್ ಏನೋ ಬರೆದುಕೊಂಡು ಮುಂದಿನ ದೊಡ್ಡಿಗೆ ಹೋದಳು.

ಅತ್ತೆ ತಲೆ ಎತ್ತಿ ಎರಡನೆಯ ಸಲದ ಮಾತಿಗೆ ಕಾದು ಕೂತರು. ಅತ್ತೆ ಮಾತಾಡುವಾಗ ಸೊಸೆ ಬಾಯಿ ಹಾಕಬಾರದು ಅಂತ ನಾನೂ ಹಿಂದೆ ತೆಪ್ಪಗೆ ಕೂತಿದ್ದೆ. ನಾಳೆ ಮತ್ತೆ ಕೇಳುತ್ತಾಳೆ.

ಜುಲೈ ೨೦

ಕೇಳಲಿಲ್ಲ. ಪಟ್ಟಿ ಅಂಟಿಸಿದರು. ನಮ್ಮ ಹೆಸರಿಲ್ಲ. ಹಿಸಾನೊಳದೂ ಇಲ್ಲ, ಮಗುವಿಗೆ ಮೈಮೇಲೆ ಗುಳ್ಳೆ ಎದ್ದಿದೆ ಅಂತ ಅವಳನ್ನು ಈ ಸಲ ಕೇಳಲೇ ಇಲ್ಲವಂತೆ.

ಐರೀನಳ ಹತ್ತಿರ ಓಡಿದೆ. "ಅಜ್ಜಿ ಬೇಡ ಅಂದ್ರಲ್ಲ," ಅಂದಳು, ಪಾಪ, ಕಣ್ಣು ಬಿಟ್ಟುಕೊಂಡು.

"ಅದು ಬೇಡ ಅಂತ ಅಲ್ಲ ಕಣೇ! ನಿನ್ನ ತಾಯಿ ನಿನಗೇನೂ ಕಲಿಸಿಲ್ವಾ?"

"ಬೇಡ ಅಂದ್ರೆ ಬೇಡ ಅಂತ ತಾನೆ ಆಂಟಿ? ಬೇಕು ಅನ್ನೋರೇ ಇನ್ನೂರು ಜನ ಇದ್ದಾರೆ."

ವಾಪಸ್ಸು ಬಂದು ಅತ್ತೆಗೆ ಹೇಳಿದೆ. ಅವರ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆಮೇಲೆ ಅದೇ ಮಾತು: "ಉನ್ಮೆಯ್."

"ಉನ್ಮೆಯ್ ಅಲ್ಲ ಅತ್ತೆ, ನಿಮ್ಮ ನಾಲಿಗೆ!" ಅಂದುಬಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅತ್ತೆಯ ಎದುರು ದನಿ ಎತ್ತಿದೆ. ಹಿಸಾನೊ ಕಂಬಳಿ ಸರಿಸಿ, "ಅಕ್ಕಾ, ಅವರು ಎರಡನೇ ಸಲ ಕೇಳಬೇಕಿತ್ತು," ಅಂತ ಪಿಸುಗುಟ್ಟಿದಳು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಮಲಗಲಿ.

ಆಗಸ್ಟ್ ೬

ಹೋದ ತಿಂಗಳ ಕೊನೆಗೆ ಚಿಜುಗೆ ಹತ್ತಿದ್ದ ದಡಾರ ಇಳಿಯಿತು, ಕೆಮ್ಮು ಇಳಿಯಲಿಲ್ಲ. ಡಾಕ್ಟರು ಬೆನ್ನಿಗೆ ಕಿವಿ ಇಟ್ಟು ಕೇಳಿದರು. ಇನ್ನೊಂದು ತಿಂಗಳು ಈ ತೇವದಲ್ಲಿ ಇಟ್ಟರೆ ಕ್ಷಯದ ವಾರ್ಡಿಗೆ ಹಾಕಬೇಕಾಗುತ್ತದಂತೆ. ಆ ವಾರ್ಡಿಗೆ ಹೋದ ಮಕ್ಕಳನ್ನು ರೈಲು ಹತ್ತಿಸುವುದಿಲ್ಲ. ತಾಯಿಯನ್ನೂ ಹತ್ತಿರ ಬಿಡುವುದಿಲ್ಲ.

ಅತ್ತೆಗೆ ಹೇಳಲಿಲ್ಲ. ಹೇಳಿದರೆ ಅದಕ್ಕೊಂದು ಹೆಸರಿಡುತ್ತಾರೆ.

ಆಗಸ್ಟ್ ೧೭

ನೊಣದ ಕಾಗದ ನೇತುಹಾಕಿದ್ದಾರೆ, ಅದು ಕಪ್ಪಾಗಿ ತೊನೆದಾಡುತ್ತದೆ. ಅದರ ಕೆಳಗೇ ಊಟ. ಇವತ್ತು ಹಾಲಿನ ಸಾಲಿನಲ್ಲಿ ಮುಂದೆ ನುಗ್ಗಿದೆ. ಹಿಂದಿನಿಂದ ಒಬ್ಬಳು ಮುದುಕಿ "ನಾಚಿಕೆ ಇಲ್ವಾ" ಅಂದಳು. ಇಲ್ಲ ಅಂದೆ. ಎರಡು ಲೋಟ ಸಿಕ್ಕಿತು. ಒಂದನ್ನು ಚಿಜು ಕುಡಿದಳು, ಇನ್ನೊಂದನ್ನೂ ಅವಳಿಗೇ ಇಟ್ಟೆ. ಹಿಸಾನೊಳ ಎದೆಹಾಲು ಬತ್ತುತ್ತಿದೆ ಅಂತ ಗೊತ್ತಿತ್ತು. ಅವಳೇನೂ ಕೇಳಲಿಲ್ಲವಲ್ಲ.

ಆಗಸ್ಟ್ ೨೯

ಕೆಮ್ಮು. ಕೆಮ್ಮು. ಕೆಮ್ಮು.

ಸೆಪ್ಟೆಂಬರ್ ೨

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಬಟ್ಟೆ ಮಡಿಸುತ್ತಾ ನಾನು, ಹಿಸಾನೊ ಇಬ್ಬರೂ ಒಟ್ಟಿಗೆ ಕೂತಿದ್ದೆವು. ಅತ್ತೆ ಚಿಜುಳ ಬೆನ್ನು ನೀವುತ್ತಿದ್ದರು. ಐರೀನ್ ಓಡಿ ಬಂದಳು. ಶುಕ್ರವಾರದ ರೈಲಿನಲ್ಲಿ ಒಂದು ಮನೆಯವರ ಜಾಗ ಖಾಲಿ ಬಿದ್ದಿದೆ, ಯಾರಿಗೋ ಜ್ವರ. ಇದಾದ ಮೇಲೆ ಸ್ಲೋಕನ್‌ಗೆ ರೈಲು ಯಾವಾಗಲೋ ಗೊತ್ತಿಲ್ಲ, ಉಳಿದವರನ್ನು ಬಯಲುಸೀಮೆಯ ಬೀಟ್‌ಗೆಡ್ಡೆಯ ಹೊಲಗಳಿಗೆ ಕಳಿಸಿದರೂ ಕಳಿಸಬಹುದು. ಪಟ್ಟಿಯಲ್ಲಿ ಹಿಸಾನೊಳ ಹೆಸರು ಮೇಲಿದೆ, ಕೈಕೂಸು ಇದೆಯಲ್ಲ.

"ಹೋಗ್ತೀರಾ? ಈಗಲೇ ಹೇಳಿ, ಹನ್ನೊಂದು ಗಂಟೆಗೆ ಪಟ್ಟಿ ಕೊಡಬೇಕು."

ಹಿಸಾನೊಳ ಕಣ್ಣು ಅರಳಿದ್ದು ನಾನು ನೋಡಿದೆ. ನೋಡಲಿಲ್ಲ ಅಂತ ಬರೆಯಲಾರೆ. ಮಗುವನ್ನು ಎದೆಗೆ ಅವುಚಿಕೊಂಡಳು. ಆಮೇಲೆ ಚಿಜು ಕೆಮ್ಮಿದಳು. ಹಿಸಾನೊ ನನ್ನ ಕಡೆ ತಿರುಗಿ, ತಲೆಬಾಗಿ, "ಬೇಡ ಬೇಡ, ನಮಗ್ಯಾಕೆ ಮೊದಲು? ಅಕ್ಕನ ಮಗೂಗೆ ಹುಷಾರಿಲ್ಲ, ಅಕ್ಕ ಹೋಗ್ಲಿ," ಅಂದಳು.

ಅದು ಕಚೇರಿಗೆ ಹೇಳಿದ ಬೇಡ ಅಲ್ಲ, ನನಗೆ ಹೇಳಿದ ಬೇಡ. ನನ್ನ ಎದುರು ಕೂತು, ನನ್ನ ಮಗಳ ಕೆಮ್ಮು ಕೇಳುತ್ತಾ, ಅವಳು ಬೇರೆ ಏನು ತಾನೆ ಹೇಳಿಯಾಳು? ಈಗ ನಾನು "ಛೆ, ಎಲ್ಲಾದರೂ ಉಂಟೇ, ನೀನು ಹೋಗು" ಅನ್ನಬೇಕು. ಅವಳು ಇನ್ನೊಂದು ಸಲ ಬೇಡ ಅನ್ನಬೇಕು. ನಾನು ಮತ್ತೆ ಒತ್ತಾಯಿಸಬೇಕು. ಆಗ ಅವಳು ಕಣ್ಣೀರು ಹಾಕಿಕೊಂಡು ಒಪ್ಪಬೇಕು. ಇದು ನಾವಿಬ್ಬರೂ ಹುಟ್ಟಿನಿಂದ ಆಡಿದ ಆಟ, ಒಂದು ಹೆಜ್ಜೆಯೂ ತಪ್ಪುವ ಹಾಗಿಲ್ಲ.

ನಾನು ಐರೀನಳ ಕಡೆ ತಿರುಗಿ, "ಆಯ್ತು, ನಾವು ಹೋಗ್ತೀವಿ. ಬರ್ಕೋ, ಮೂರು ಜನ," ಅಂದೆ.

ಬರೆದುಕೊಂಡಳು. ಹಿಸಾನೊ ಬಾಗಿಸಿದ ತಲೆಯನ್ನು ಹಾಗೆಯೇ ಇಟ್ಟುಕೊಂಡು ಇನ್ನೊಂದು ಮಾತಿಗೆ ಕಾಯುತ್ತಿದ್ದಳು. ಐರೀನ್ ಹೊರಟುಹೋದ ಮೇಲೆ ನಿಧಾನವಾಗಿ ತಲೆ ಎತ್ತಿದಳು. ಮುಖದಲ್ಲಿ ನಗು ಹಾಗೇ ಇತ್ತು.

"ಒಳ್ಳೇದಾಯ್ತು ಅಕ್ಕಾ. ತುಂಬಾ ಒಳ್ಳೇದಾಯ್ತು," ಅಂದಳು.

ಅತ್ತೆ ಚಿಜುಳ ಬೆನ್ನು ನೀವುತ್ತಲೇ ಇದ್ದರು. ಉನ್ಮೆಯ್ ಅಂತ ಕೂಡ ಅನ್ನಲಿಲ್ಲ. ದಿನಕ್ಕೆ ಏಳು ಸಲ ಅನ್ನುವವರಿಗೆ ಇವತ್ತು ಏನಾಗಿತ್ತೋ.

ಸೆಪ್ಟೆಂಬರ್ ೩

ಗಂಟುಮೂಟೆ ಕಟ್ಟಲು ಹಿಸಾನೊ ಬಂದಳು. ಬೇಡ ಅಂದೆ. ಕೇಳಲಿಲ್ಲ, ಕಟ್ಟಿಯೇ ಕಟ್ಟಿದಳು. ಜಾಡಿಯಲ್ಲಿ ಉಳಿದಿದ್ದ ಹಣ್ಣೆಲ್ಲ ದಾರಿಗೆ ಅಂತ ಕೊಟ್ಟಳು. ನಾಲ್ಕು ಬೈದು, ಕೂದಲು ಹಿಡಿದು ಎಳೆದಿದ್ದರೆ ಎಷ್ಟೋ ವಾಸಿ. ಯಾಕೆ ಹೀಗೆ ನಗುತ್ತಾಳೆ? ಬೇಕು ಅನ್ನುವುದಕ್ಕೆ ಅವಳಿಗೆ ಬಾಯಿ ಇರಲಿಲ್ಲವೇ?

ಅವಳ ಮಗುವಿನ ಗುಳ್ಳೆ ಒಣಗುತ್ತಿದೆ. ಅದಕ್ಕೇನೂ ಆಗುವುದಿಲ್ಲ.

ಸೆಪ್ಟೆಂಬರ್ ೫, ರೈಲಿನಲ್ಲಿ

ಕಿಟಕಿಯ ಪರದೆ ಎಳೆದಿರಬೇಕಂತೆ. ಹಳೆಯ ಡಬ್ಬಿ, ಹೊಗೆಯ ನಾತ, ಪಕ್ಕದ ಸೀಟಿನ ಮಗು ಉಚ್ಚೆ ಹೊಯ್ದದ್ದು ಕಾಲಿನವರೆಗೆ ಹರಿದು ಬಂದಿದೆ. ಆದರೆ ಚಿಜು ಮಲಗಿದ್ದಾಳೆ. ರಾತ್ರಿಯಿಂದ ಎರಡೇ ಸಲ ಕೆಮ್ಮಿದ್ದು.

ಯೋಚಿಸಿದರೆ ಇದರಲ್ಲಿ ನನ್ನದು ಅಂತ ಏನಿದೆ? ಯಾರಿಗೋ ಜ್ವರ ಬಂತು, ಜಾಗ ಖಾಲಿಯಾಯಿತು. ಚಿಜು ಆ ಗಳಿಗೆಗೇ ಕೆಮ್ಮಿದಳು. ಹಿಸಾನೊ ಬೇಡ ಅಂದಳು, ಅವಳ ಬಾಯಿಂದಲೇ ಬಂದ ಮಾತು. ಕೆಲವರದು ಶುಕುಮೆಯ್ ಇರುತ್ತದೆ, ಒಳಗೇ ಬಿಡಾರ ಹೂಡಿರುತ್ತದೆ, ಯಾರಿಂದ ಏನು ಮಾಡಲಾಗುತ್ತದೆ? ನಮ್ಮದು ಉನ್ಮೆಯ್ ಇರಬೇಕು, ಹೊತ್ತುಕೊಂಡು ಬಂತು. ಅತ್ತೆಗೆ ಇದನ್ನೇ ಹೇಳಿದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಪರದೆಯ ಕಡೆ ತಿರುಗಿಕೊಂಡರು. ಮುದುಕರ ಹತ್ತಿರ ಮಾತಾಡಬಾರದು.

ಸೆಪ್ಟೆಂಬರ್ ೬, ಸ್ಲೋಕನ್

ಬೆಳಿಗ್ಗೆ ತಲುಪಿದೆವು. ಟೊಕುಮಾತ್ಸು ಒಣಗಿ ಕಡ್ಡಿಯಾಗಿದ್ದಾನೆ. ಚಿಜುಳನ್ನು ಎತ್ತಿಕೊಂಡು ಎಲ್ಲರ ಎದುರು ಅತ್ತ. ಗಾಳಿ ತಣ್ಣಗಿದೆ, ಹಸಿ ಮರದ ವಾಸನೆ. ಎಷ್ಟೋ ತಿಂಗಳ ಮೇಲೆ ಎದೆ ತುಂಬ ಉಸಿರೆಳೆದೆ.

ಅವನ ಹಿಂದೆ ಉನೊಸುಕೆ ನಿಂತಿದ್ದ. ಯಾರು ಬರುತ್ತಾರೆ ಅಂತ ಇವರಿಗೆ ಮುಂಚೆ ತಿಳಿಸುವುದಿಲ್ಲ. ಒಂದೇ ಗುಡಿಸಲಿನವರು, ಒಟ್ಟಿಗೇ ಕಳಿಸುತ್ತಾರೆ ಅಂದುಕೊಂಡು, ಗಡ್ಡ ಕೆರೆದು, ಒಗೆದ ಅಂಗಿ ತೊಟ್ಟು ಬಂದಿದ್ದಾನೆ. ಡಬ್ಬಿ ಡಬ್ಬಿ ಇಣುಕಿ ನೋಡಿಬಂದ. ಕೊನೆಯ ಡಬ್ಬಿಯೂ ಖಾಲಿಯಾದ ಮೇಲೆ ನನ್ನ ಹತ್ತಿರ ಬಂದು ತಲೆಬಾಗಿದ.

"ದಾರಿ ಎಲ್ಲ ದಣಿವಾಗಿರುತ್ತೆ ಅತ್ತಿಗೆ. ನಮ್ಮವಳು, ಮಗು... ಮುಂದಿನ ರೈಲಿಗಾ?"

"ಒಂದೇ ಮನೆಯವರಿಗೆ ಜಾಗ ಇತ್ತು," ಅಂದೆ. "ಮೊದಲು ಅವಳನ್ನೇ ಕೇಳಿದ್ರು. ಬೇಡ ಅಂದ್ಲು."

ಉನೊಸುಕೆ ಅಂಗಿಯ ತೋಳಿಗೆ ಅಂಟಿದ್ದ ಮರದ ಪುಡಿಯನ್ನು ಉದುರಿಸಿದ. ಆಮೇಲೆ ಮೆಲ್ಲಗೆ ಕೇಳಿದ:

"ಎಷ್ಟು ಸಲ ಬೇಡ ಅಂದ್ಲು, ಅತ್ತಿಗೆ?"

ಟೊಕುಮಾತ್ಸು ನನ್ನನ್ನು ನೋಡಿದ. ಅತ್ತೆ ನೆಲ ನೋಡುತ್ತಿದ್ದರು. ಚಿಜು ಅಪ್ಪನ ಕತ್ತು ತಬ್ಬಿಕೊಂಡು ಆಕಳಿಸುತ್ತಿದ್ದಳು.

"ಮೂರು ಸಲ," ಅಂದೆ.

"ಹಾಗಾದ್ರೆ ಸರಿ," ಅಂದ. ಮತ್ತೊಮ್ಮೆ ತಲೆಬಾಗಿ, ನಮ್ಮ ದೊಡ್ಡ ಗಂಟನ್ನು ಹೆಗಲಿಗೆ ಹಾಕಿಕೊಂಡು, ಗುಡಿಸಲಿನ ದಾರಿ ತೋರಿಸುತ್ತಾ ಮುಂದೆ ನಡೆದ.